ಅಂಗಳದ ಖರ್ಜೂರದ ಬೊಡ್ಡೆ
ಶಾರ್ಜಾದ ನಮ್ಮ ರೂಮಿನ ಅಂಗಳದಲ್ಲಿ ಕೆಂಪು ಮೂತಿಹುಳ ಹತ್ತಿ ಸತ್ತ ಖರ್ಜೂರದ ಮರ ಕಡಿಸಿದರೂ ಬೊಡ್ಡೆ ಉಳಿದಿತ್ತು. ರಾತ್ರಿ ಪಾಳಿ ಮುಗಿಸಿ ಬಂದ ಒಬ್ಬರು ಎಡವಿ ಕಾಲು ಉಳುಕಿ, ನಾಲ್ಕು ದಿನದ ಕೂಲಿ ಹೋಯ್ತು. ಕಿತ್ತೇಬಿಡೋಣ ಅಂದ್ವಿ.

ಮೊದಲು ಮಾಲೀಕರನ್ನು ಕೇಳಿ, ನೆಲದಡಿಯ ಕೇಬಲ್ಲು, ಪೈಪು ಎಲ್ಲಿವೆಯೆಂದು ತಿಳಿದುಕೊಂಡೆವು. ಖರ್ಜೂರಕ್ಕೆ ಮಾವಿನ ಹಾಗೆ ತಾಯಿಬೇರಿಲ್ಲ. ತೆಂಗಿನಂತೆ ಸಣ್ಣ ಬೇರುಗಳ ಗೊಂಚಲು. ಸುತ್ತ ಅಗೆದು, ಬೇರು ಕಡಿದು, ಹಾರೆಯಲ್ಲಿ ಮೀಟಬೇಕು.

ಬೆಳಿಗ್ಗೆ ಐದಕ್ಕೆ ಶುರು, ಎಂಟಕ್ಕೆ ಬಂದ್. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ ಅಂತ ಇಲ್ಲಿ ಕಾನೂನೇ ಇದೆ. ರಜೆ ದಿನ ನಮ್ಮ ಮೈಗೆ ನಾವೇ ಮೇಸ್ತ್ರಿ ಅಲ್ವಾ?

ಎರಡನೇ ವಾರ ಬೊಡ್ಡೆ ಉರುಳಿತು. ಗುಂಡಿಗೆ ಮಣ್ಣು ತುಂಬಿ ಗಟ್ಟಿಯಾಗಿ ತುಳಿದೆವು. ಈಗ ಕತ್ತಲಲ್ಲೂ ಧೈರ್ಯವಾಗಿ ನಡೀತೀವಿ.