ಉಪ್ಪಿಗೆ ಬಂದ ದನ, ಬಾರದ ದನ

'ಥೈರಾಯ್ಡ್ ಗ್ರಂಥಿ ತೆಗೆದಾಯ್ತು, ಅಯೋಡಿನ್ ಕೊಟ್ಟಿದ್ದೂ ಆಯ್ತು. ಈಗ ಸ್ಕ್ಯಾನ್ ನೋಡಿದರೆ ಕೆನ್ನೆ, ಹೊಟ್ಟೆ, ಮೂತ್ರಕೋಶ ಎಲ್ಲ ಕಪ್ಪು. ಅಲ್ಲಿಗೂ ಹರಡಿದೆಯಾ ಸಾರ್?' ಹನೂರಿನ ಓದುಗರೊಬ್ಬರು ತಮ್ಮ ಅಕ್ಕನ ರಿಪೋರ್ಟಿನ ಬಗ್ಗೆ ಕೇಳಿದ್ದು ಇದು. ಮೈಸೂರಿನಿಂದ ಬರುವಾಗ ಬಸ್ಸಿನಲ್ಲೇ ಆ ಇಂಗ್ಲಿಷ್ ಕಾಗದವನ್ನು ನಾಲ್ಕು ಸಲ ಓದಿ, ಓದಿದಷ್ಟೂ ಹೆದರಿದ್ದರು.

ಮಹದೇಶ್ವರ ಬೆಟ್ಟದ ಸುತ್ತಿನ ದೊಡ್ಡಿಗಳನ್ನು ಕಂಡವರಿಗೆ ಈ ಸ್ಕ್ಯಾನ್ ವಿವರಿಸುವುದು ಸುಲಭ. ಮೇಯಲು ಕಾಡಿಗೆ ಬಿಟ್ಟ ದನವನ್ನು ಹುಡುಕಿಕೊಂಡು ಅಲೆಯುವುದಕ್ಕಿಂತ ಬಂಡೆಯ ಮೇಲೆ ಉಪ್ಪಿಟ್ಟು ಕಾಯುವುದು ಜಾಣತನ. ಥೈರಾಯ್ಡ್ ಜೀವಕೋಶಕ್ಕೆ ಅಯೋಡಿನ್ ಅಂಥ ಉಪ್ಪು. ಅದು ಕತ್ತಿನಲ್ಲೇ ಇರಲಿ, ಕ್ಯಾನ್ಸರ್ ಆಗಿ ಶ್ವಾಸಕೋಶಕ್ಕೋ ಮೂಳೆಗೋ ಹೋಗಿರಲಿ, ರಕ್ತದಲ್ಲಿ ಬಂದ ಅಯೋಡಿನ್ನನ್ನು ಎಳೆದುಕೊಳ್ಳುತ್ತದೆ. ಆ ಅಯೋಡಿನ್ ವಿಕಿರಣ ಸೂಸುವಂಥದ್ದಾದರೆ, ಅದು ಸೇರಿದ ಜಾಗ ಗಾಮಾ ಕ್ಯಾಮೆರಾದ ಚಿತ್ರದಲ್ಲಿ ಕಪ್ಪಾಗಿ ಮೂಡುತ್ತದೆ. ಸ್ಕ್ಯಾನಿಗೆ ಮೊದಲು ಒಂದೆರಡು ವಾರ ಅಯೋಡಿನ್ ಉಪ್ಪು, ಮೀನು, ಮೊಟ್ಟೆ, ಹಾಲು ಬಿಡಿಸುವುದು ದನಕ್ಕೆ ಉಪ್ಪಿನ ಹಸಿವು ಹುಟ್ಟಿಸಲು. (ಹರಳುಪ್ಪಿನಲ್ಲಿ ಅಯೋಡಿನ್ ಇರುವುದಿಲ್ಲ ಎಂದು ನಂಬಿ ಕೂರಬೇಡಿ, ಪೊಟ್ಟಣದ ಮೇಲೆ ಬರೆದದ್ದನ್ನು ಓದಿ.)

ಆದರೆ ಉಪ್ಪಿಟ್ಟ ಬಂಡೆಗೆ ದನವಷ್ಟೇ ಬರುವುದಿಲ್ಲ, ಜಿಂಕೆ, ಕಡವೆಗಳೂ ಬರುತ್ತವೆ. ಜೊಲ್ಲಿನ ಗ್ರಂಥಿಗಳೂ ಜಠರದ ಗೋಡೆಯೂ ಅಯೋಡಿನ್ ಹೀರುತ್ತವೆ. ಮಿಕ್ಕದ್ದು ಮೂತ್ರದಲ್ಲಿ ಹೋಗುತ್ತದೆ. ಅಕ್ಕನ ಕೆನ್ನೆ, ಹೊಟ್ಟೆ, ಮೂತ್ರಕೋಶದ ಕಪ್ಪಿಗೆ ಸಾಮಾನ್ಯ ಕಾರಣ ಇಷ್ಟೇ. ಉಗುಳು ಮೆತ್ತಿದ ಕರವಸ್ತ್ರ ಜೇಬಿನಲ್ಲಿ ಉಳಿದಿದ್ದರೆ ಅದೂ ಒಂದು ಚುಕ್ಕೆಯಾಗಿ ಕಾಣುತ್ತದೆ! ಸ್ಕ್ಯಾನ್ ತೋರಿಸುವುದು ಅಯೋಡಿನ್ ಎಲ್ಲಿದೆ ಎಂಬುದನ್ನು, ಕ್ಯಾನ್ಸರ್ ಎಲ್ಲಿದೆ ಎಂಬುದನ್ನಲ್ಲ.

ಇದೆಲ್ಲ ಶುರುವಾದದ್ದು ಒಂದು ಪ್ರಶ್ನೆಯಿಂದ. 1936ರ ನವೆಂಬರ್‌ನಲ್ಲಿ ಬಾಸ್ಟನ್ನಿನ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಭೌತವಿಜ್ಞಾನಿ ಕಾರ್ಲ್ ಕಾಂಪ್ಟನ್ ಉಪನ್ಯಾಸ ಕೊಟ್ಟರು. ಕೇಳುತ್ತಿದ್ದ ಥೈರಾಯ್ಡ್ ವೈದ್ಯ ಸಾಲ್ ಹರ್ಟ್ಸ್ ಎದ್ದು ಕೇಳಿದರು: ಅಯೋಡಿನ್ನನ್ನು ಕೃತಕವಾಗಿ ವಿಕಿರಣಶೀಲ ಮಾಡಬಹುದೇ? ಮೊದಲು ಕೈಗೆ ಸಿಕ್ಕ ಅಯೋಡಿನ್-128 ಬರೀ 25 ನಿಮಿಷಕ್ಕೆ ಅರ್ಧವಾಗಿಬಿಡುತ್ತಿತ್ತು. ಮೊಲಗಳ ಮೇಲಿನ ಪ್ರಯೋಗಕ್ಕಷ್ಟೇ ಸಾಕು. 1938ರಲ್ಲಿ ಬರ್ಕ್ಲಿಯ ಲಿವಿಂಗುಡ್ ಮತ್ತು ಸೀಬೋರ್ಗ್ ಅಯೋಡಿನ್-131 ಕಂಡುಹಿಡಿದರು. ಇದು ಅರ್ಧವಾಗಲು 8 ದಿನ. ಮುಂಬೈನ ಟ್ರಾಂಬೆಯಲ್ಲಿ ತಯಾರಾದ ಅಯೋಡಿನ್ ದೂರದ ಆಸ್ಪತ್ರೆಗಳನ್ನು ಮುಟ್ಟುವುದು ಈ 8 ದಿನಗಳ ಕೃಪೆಯಿಂದ. ಮುಂದೆ ಸೀಬೋರ್ಗರ ತಾಯಿಯ ಥೈರಾಯ್ಡ್ ಕಾಯಿಲೆಗೂ ಇದೇ ಮದ್ದಾಯಿತು.

ದೊಡ್ಡಿಗೆ ಮರಳೋಣ. ದನ ಕಣ್ಣಿಗೆ ಬೀಳದಿದ್ದರೂ ಕೊರಳ ಗಂಟೆ ಕೇಳಿಸುತ್ತದೆ. ಆ ಗಂಟೆಯೇ ಥೈರೊಗ್ಲಾಬ್ಯುಲಿನ್, ಥೈರಾಯ್ಡ್ ಜೀವಕೋಶಗಳು ಮಾತ್ರ ತಯಾರಿಸುವ ಪ್ರೋಟೀನು. ಗ್ರಂಥಿಯನ್ನು ಪೂರ್ತಿ ತೆಗೆದು ಅಯೋಡಿನ್ನನ್ನೂ ಕೊಟ್ಟ ಮೇಲೆ, ಥೈರಾಯ್ಡ್ ಹಾರ್ಮೋನಿನ ಮಾತ್ರೆ ತಿನ್ನುತ್ತಿರುವಾಗ ಇದು ಮಿಲಿಲೀಟರಿಗೆ 0.2 ನ್ಯಾನೊಗ್ರಾಂಗಿಂತ ಕಡಿಮೆಯಿದ್ದರೆ ವೈದ್ಯರು ನೆಮ್ಮದಿಯ ನಿಟ್ಟುಸಿರು ಬಿಡುತ್ತಾರೆ. ಒಂದು ತೊಡಕಿದೆ: ಕೆಲವರ ರಕ್ತದಲ್ಲಿ ಇದರ ವಿರುದ್ಧ ಆಂಟಿಬಾಡಿ ಇರುತ್ತದೆ, ಗಂಟೆಯ ನಾಲಗೆಗೆ ಬಟ್ಟೆ ಸುತ್ತಿದ ಹಾಗೆ. ಆಗ ಸದ್ದಿಲ್ಲ ಅಂದಮಾತ್ರಕ್ಕೆ ದನವಿಲ್ಲ ಎನ್ನಲಾಗದು. ಅದಕ್ಕೇ ಎರಡನ್ನೂ ಒಟ್ಟಿಗೆ ಅಳೆಯುವುದು.

ಗಂಟೆ ಜೋರಾಗಿದೆ, ಉಪ್ಪಿಗೆ ಮಾತ್ರ ಯಾರೂ ಬಂದಿಲ್ಲ ಎಂದರೆ? ಪಳಗಿದ ದನ ಕಾಡುಬಿದ್ದಂತೆ ಕೆಲವು ಕ್ಯಾನ್ಸರ್ ಕೋಶಗಳು ಅಯೋಡಿನ್ನಿನ ರುಚಿಯನ್ನೇ ಮರೆಯುತ್ತವೆ. ಇವಕ್ಕೆ ಸಕ್ಕರೆಯ ಹಸಿವು ಹೆಚ್ಚು. ಆಗ ಉಪ್ಪಿನ ಬದಲು ಬೆಲ್ಲ ಇಡಬೇಕು. ವಿಕಿರಣಶೀಲ ಫ್ಲೋರಿನ್ ಕಟ್ಟಿದ ಗ್ಲೂಕೋಸ್ ಕೊಟ್ಟು ನೋಡುವ ಪೆಟ್ ಸ್ಕ್ಯಾನ್ ಅಂದರೆ ಇದೇ.

ಈ ಪೆಟ್ ಹೆಸರಲ್ಲಿ ನಡೆಯುವ ಪ್ರಚಾರದ ಬಗ್ಗೆ ನನಗೆ ಅನುಮಾನವಿದೆ. ಇಡೀ ಮೈ ಪರೀಕ್ಷೆಯ ಜಾಹೀರಾತು ಮೊಬೈಲಿನಲ್ಲಿ ಯಳಂದೂರಿನವರೆಗೂ ಬಂದಿದೆ. ಅಪಾಯ ಕಡಿಮೆಯಿದ್ದು, ಗಂಟೆಯೂ ಸದ್ದಿಲ್ಲದೆ, ಕತ್ತಿನ ಅಲ್ಟ್ರಾಸೌಂಡೂ ಚೆನ್ನಾಗಿದ್ದರೆ ಅಯೋಡಿನ್ ಸ್ಕ್ಯಾನನ್ನೇ ಮತ್ತೆ ಮತ್ತೆ ಮಾಡಿಸಬೇಕಿಲ್ಲ ಎಂದು ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2015ರಲ್ಲೇ ಹೇಳಿದೆ. ಪೆಟ್ ಮಾತು ದೂರವೇ ಉಳಿಯಿತು.

ಆ ಓದುಗರಿಗೆ ನಾನು ಕೇಳಿದ್ದು ಒಂದೇ: ರಕ್ತದ ರಿಪೋರ್ಟ್ ಎಲ್ಲಿ? ಅದನ್ನು ಯಾರೂ ತೆರೆದೇ ಇರಲಿಲ್ಲ. ಕೊಳ್ಳೇಗಾಲದ ರೇಷ್ಮೆ ಅಂಗಡಿಯ ಕೈಚೀಲದ ತಳದಲ್ಲಿ ಮಡಚಿ ಬಿದ್ದಿತ್ತು. ಥೈರೊಗ್ಲಾಬ್ಯುಲಿನ್ 0.1ಕ್ಕಿಂತ ಕಡಿಮೆ, ಆಂಟಿಬಾಡಿ ಇಲ್ಲ.