ಬದಲಿಯಾಗಿ ಹೋದವರು: ಇಂಗ್ಲೆಂಡಿನ ಕೌಂಟಿಗಳಲ್ಲಿ ನಮ್ಮ ನಾಡಿನ ಆಟಗಾರರು

ನಮ್ಮ ವಾಚನಾಲಯದಲ್ಲಿ ಪತ್ರಿಕೆಗಳು ಮೇಜಿಗೆ ಬಂದೊಡನೆ ಮೊದಲು ಕೈಯಿಂದ ಕೈಗೆ ಹೋಗುವುದು ಆಟೋಟಗಳ ಪುಟ. ಕೆಲವು ದಿನಗಳ ಕೆಳಗೆ ಆ ಪುಟವನ್ನು ಓದುತ್ತಿದ್ದ ಸದಸ್ಯರೊಬ್ಬರು ನಮ್ಮನ್ನು ಕೇಳಿದರು: "ಏನ್ರೀ, ಇಂಗ್ಲೆಂಡಿನ ರಗ್ಬಿ ಆಟಗಾರರು ಆಸ್ಟ್ರೇಲಿಯಕ್ಕೆ ಹೋಗಿ ಅಲ್ಲಿನ ಕ್ಲಬ್ಬುಗಳಲ್ಲಿ ಸಂಬಳಕ್ಕೆ ಆಡುತ್ತಾರಂತೆ. ಆಟ ಒಂದೇ, ಭಾಷೆಯೂ ಒಂದೇ. ಆದರೂ ಅಲ್ಲಿಗೆ ಹೊಂದಿಕೊಳ್ಳುವುದು ಕಷ್ಟವಂತೆ. ಅದು ಹೇಗೆ?" ಊರು ಬಿಟ್ಟು ಬಂದು ಈ ಚೆನ್ನೈಯಲ್ಲಿ ಕೆಲಸ ಮಾಡುವ ನಮಗೆ ಈ ಪ್ರಶ್ನೆ ಅಷ್ಟು ಹೊಸದೇನೂ ಅಲ್ಲ. ಆದ್ದರಿಂದ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕೆನ್ನಿಸಿತು.

ರಗ್ಬಿ ಲೀಗ್ ಎಂಬ ಆ ಆಟದ ಹುಟ್ಟೇ ನಮ್ಮಂಥವರಿಗೆ ಹತ್ತಿರದ್ದು. ಉತ್ತರ ಇಂಗ್ಲೆಂಡಿನ ಗಿರಣಿಗಳಲ್ಲಿ, ಕಲ್ಲಿದ್ದಲು ಗಣಿಗಳಲ್ಲಿ ದುಡಿಯುತ್ತಿದ್ದವರು ಪಂದ್ಯಕ್ಕೆ ಹೋದ ದಿನ ಕೂಲಿ ಕಳೆದುಕೊಳ್ಳುತ್ತಿದ್ದರು. ಆ ಕೂಲಿಯನ್ನು ಕ್ಲಬ್ಬು ತುಂಬಿಕೊಡಬಹುದೇ ಕೂಡದೇ ಎಂಬ ಜಗಳ ಬೆಳೆದು, 1895ರಲ್ಲಿ ಹಡರ್ಸ್‌ಫೀಲ್ಡ್ ಎಂಬ ಉಣ್ಣೆ ಗಿರಣಿಗಳ ಊರಿನಲ್ಲಿ ಸಭೆ ಸೇರಿ, ಉತ್ತರದ ಕ್ಲಬ್ಬುಗಳು ಹಳೆಯ ಸಂಘದಿಂದ ಬೇರೆಯಾದವು. ಒಂದು ಕಡೆಗೆ 13 ಮಂದಿ. ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ನಮ್ಮ ಕಬಡ್ಡಿಯಲ್ಲಿ ಹಿಡಿದ ಹಾಗೆ ಹಿಡಿದು ಕೆಡವುತ್ತಾರೆ. ಆರು ಸಲ ಕೆಡವಿದರೆ ಚೆಂಡು ಅವರ ಪಾಲು. ಚಳಿ, ಮಳೆ, ಕೆಸರಿನಲ್ಲಿ ಆಡಿ ಬೆಳೆದ ಇಂಗ್ಲಿಷಿನವನು ಸಿಡ್ನಿಗೆ ಹೋದರೆ ಅಲ್ಲಿ ನೆಲ ಗಟ್ಟಿ, ಬಿಸಿಲು ಹೆಚ್ಚು, ಓಟ ಹೆಚ್ಚು. ಯಾರ್ಕ್‌ಷೈರಿನ ಮಾಲ್ಕಮ್ ರೈಲಿ ಎಂಬುವರು 1971ರಲ್ಲಿ ಹೋಗಿ, ಮ್ಯಾನ್ಲಿ ಕ್ಲಬ್ಬು 1972 ಮತ್ತು 1973ರಲ್ಲಿ ಗೆದ್ದ ಅಂತಿಮ ಪಂದ್ಯಗಳಲ್ಲಿ ಆಡಿದರು. 2010ರಲ್ಲಿ ಹೋದ ಸ್ಯಾಮ್ ಬರ್ಜೆಸ್ ಅವರು 2014ರ ಅಂತಿಮ ಪಂದ್ಯದ ಆರಂಭದಲ್ಲೇ ಕೆನ್ನೆಯ ಮೂಳೆ ಮುರಿದುಕೊಂಡೂ ಕೊನೆಯವರೆಗೆ ಆಡಿ, ಸೌತ್ ಸಿಡ್ನಿ ಕ್ಲಬ್ಬಿಗೆ 43 ವರ್ಷಗಳ ಬಳಿಕ ಗೆಲುವು ತಂದು, ಶ್ರೇಷ್ಠ ಆಟಗಾರನ ಪದಕವನ್ನೂ ಪಡೆದರು.

ಆದರೆ ರಗ್ಬಿಯನ್ನು ನಾವು ಕಂಡದ್ದು ಕಡಿಮೆ. ಇದೇ ಕಥೆ ನಮಗೆ ಪರಿಚಿತವಾದ ಕ್ರಿಕೆಟ್ಟಿನಲ್ಲಿ ತಲೆಕೆಳಗಾಗಿ ನಡೆದಿದೆ: ಬೆಚ್ಚನೆಯ ನಾಡಿನ ನಮ್ಮವರು ಚಳಿಯ ಇಂಗ್ಲೆಂಡಿಗೆ ಹೋಗಿ ಕೌಂಟಿಗಳಲ್ಲಿ ದುಡಿದದ್ದು. ಅದನ್ನೇ ಹೇಳುತ್ತೇವೆ.

ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಇಂಗ್ಲೆಂಡಿನಲ್ಲಿ ಅಂಥ 18 ತಂಡಗಳು ಏಪ್ರಿಲಿನಿಂದ ಸೆಪ್ಟೆಂಬರಿನವರೆಗೆ ಆಡುತ್ತವೆ. ಮೊದಲು ಹೊರದೇಶದವನು ಅಲ್ಲಿ ಆಡಬೇಕಾದರೆ ಆ ಕೌಂಟಿಯಲ್ಲಿ ವಾಸವಿದ್ದು ಕಾಯಬೇಕಿತ್ತು. 1968ರಲ್ಲಿ ಆ ಕಟ್ಟು ಸಡಿಲವಾಗಿ, ಸೋಬರ್ಸ್ ಅವರು ನಾಟಿಂಗ್‌ಹ್ಯಾಂಷೈರಿಗೂ ನಮ್ಮ ಫರೂಕ್ ಎಂಜಿನಿಯರ್ ಅವರು ಲ್ಯಾಂಕಷೈರಿಗೂ ಹೋದರು. ಈ ಊರಿನವರೇ ಆದ ವೆಂಕಟರಾಘವನ್ ಅವರು 1973ರಿಂದ 1975ರವರೆಗೆ ಡರ್ಬಿಷೈರಿಗೆ ಆಡಿದರು. ಹೀಗೆ ಹೋದವನು ಅಲ್ಲಿ ಅತಿಥಿಯಲ್ಲ, ಸಂಬಳದಾಳು. ತಂಡ ಸೋತರೆ ಮೊದಲ ಬೆರಳು ಅವನ ಕಡೆಗೇ ತಿರುಗುತ್ತದೆ. "ಇವನಿಗೆ ಇಷ್ಟು ಕೊಟ್ಟು ಕರೆಸಿದ್ದು ಯಾಕೆ?" ಎಂಬ ಮಾತನ್ನು ಹೊರಗಿನಿಂದ ಬಂದ ನೌಕರ ಯಾವ ಊರಿನಲ್ಲಾದರೂ ಕೇಳಬೇಕಾಗುತ್ತದೆಯಷ್ಟೆ.

ಹೊಂದಿಕೊಳ್ಳಬೇಕಾದದ್ದು ಏನೇನು? ಮೊದಲನೆಯದು ಚೆಂಡು. ಭಾರತದಲ್ಲಿ ಆಡುವುದು ಮೀರತ್ತಿನಲ್ಲಿ ತಯಾರಾಗುವ ಎಸ್.ಜಿ. ಚೆಂಡಿನಲ್ಲಿ, ಅಲ್ಲಿ ಡ್ಯೂಕ್ ಚೆಂಡು. ಎರಡಕ್ಕೂ ಕೈಹೊಲಿಗೆಯೇ. ಆದರೆ ಹಸಿರು ಹುಲ್ಲಿನ ಮೆತ್ತನೆಯ ಮೈದಾನದಲ್ಲಿ ಡ್ಯೂಕ್ ಚೆಂಡಿನ ಹೊಳಪು ಬಹಳ ಹೊತ್ತು ಉಳಿಯುತ್ತದೆ. ನಮ್ಮ ಒಣನೆಲದಲ್ಲಿ ಕೆಲವೇ ಓವರುಗಳಲ್ಲಿ ತರಚಿ ಒರಟಾಗುವ ಚೆಂಡು ಅಲ್ಲಿ ಮಧ್ಯಾಹ್ನದ ಮೇಲೂ ಗಾಳಿಯಲ್ಲಿ ಓಲಾಡುತ್ತಲೇ ಇರುತ್ತದೆ. ಎರಡನೆಯದು ನೆಲ. ಏಪ್ರಿಲ್, ಮೇ ತಿಂಗಳಲ್ಲಿ ಪಿಚ್ಚಿನಲ್ಲಿ ತೇವ ಇರುತ್ತದೆ. ಚೆಂಡು ನೆಲಕ್ಕೆ ಬಿದ್ದ ಮೇಲೆ ಎತ್ತ ಹೊರಳೀತೆಂದು ಹೇಳಬರುವುದಿಲ್ಲ. ಮೂರನೆಯದು ಚಳಿ. ಬೆರಳು ಸೆಟೆದುಕೊಂಡರೆ ಸ್ಪಿನ್ ಬೌಲರನಿಗೆ ಚೆಂಡಿನ ಹಿಡಿತ ಸಿಕ್ಕುವುದಿಲ್ಲ, ಸ್ಲಿಪ್ಪಿನಲ್ಲಿ ನಿಂತವನಿಗೆ ಕ್ಯಾಚು ಕಲ್ಲು ತಗುಲಿದಂತೆ ತಗಲುತ್ತದೆ. ಇವೆಲ್ಲಕ್ಕಿಂತ ದೊಡ್ಡದು, ನಮ್ಮ ಅಭಿಪ್ರಾಯದಲ್ಲಿ, ಪ್ರತಿದಿನದ ದುಡಿಮೆ. 1995ರಲ್ಲಿ ಒಂದೊಂದು ಕೌಂಟಿಗೂ ನಾಲ್ಕು ದಿನಗಳ 17 ಪಂದ್ಯಗಳಿದ್ದವು. ಅದರ ಮೇಲೆ ಭಾನುವಾರದ 40 ಓವರುಗಳ ಲೀಗು. ಅದಲ್ಲದೆ 55 ಓವರುಗಳ ಒಂದು ಸ್ಪರ್ಧೆ, 60 ಓವರುಗಳ ಇನ್ನೊಂದು. ಸಂಜೆ ಒಂದು ಊರಿನಲ್ಲಿ ಆಟ ಮುಗಿಸಿ, ಚೀಲ ಕಟ್ಟಿ, ರಾತ್ರಿ ಪ್ರಯಾಣ ಮಾಡಿ, ಬೆಳಗ್ಗೆ ಮತ್ತೊಂದು ಊರಿನಲ್ಲಿ ಇಳಿಯಬೇಕು. ರಣಜಿ ಪಂದ್ಯಗಳ ನಡುವೆ ಸಿಕ್ಕುವ ಬಿಡುವು ಅಲ್ಲಿ ಇಲ್ಲ.

ಈ 1995ರ ಬೇಸಿಗೆಯಲ್ಲಿಯೇ ಕರ್ನಾಟಕದ ಇಬ್ಬರು ಒಟ್ಟಿಗೆ ಇಂಗ್ಲೆಂಡಿಗೆ ಹೋದರು. ಹೋದ ಬಗೆ ಸ್ವಾರಸ್ಯವಾಗಿದೆ. ನಾರ್ತ್‌ಹ್ಯಾಂಪ್ಟನ್‌ಷೈರಿಗೆ ವೆಸ್ಟ್ ಇಂಡೀಸಿನ ಕರ್ಟ್ಲಿ ಆಂಬ್ರೋಸ್, ಗ್ಲಾಸ್ಟರ್‌ಷೈರಿಗೆ ಕೋರ್ಟ್ನಿ ವಾಲ್ಶ್ ಖಾಯಂ ಬೌಲರುಗಳು. ಆ ವರ್ಷ ವೆಸ್ಟ್ ಇಂಡೀಸ್ ತಂಡವೇ ಇಂಗ್ಲೆಂಡಿನ ಪ್ರವಾಸಕ್ಕೆ ಬಂದದ್ದರಿಂದ ಇಬ್ಬರೂ ತಮ್ಮ ದೇಶದ ಪರ ಆಡಬೇಕಾಯಿತು. ಹೀಗೆ ತೆರವಾದ ಎರಡು ಸ್ಥಾನಗಳಿಗೆ ಬಂದವರು ಅನಿಲ್ ಕುಂಬ್ಳೆ ಮತ್ತು ಜಾವಗಲ್ ಶ್ರೀನಾಥ್. ಗಿರಣಿಯ ಭಾಷೆಯಲ್ಲಿ ಹೇಳುವುದಾದರೆ ಇಬ್ಬರೂ ಬದಲಿಗಳು! ನಾವು ಗಿರಣಿಯ ಹಾಜರಿ ಪುಸ್ತಕ ಬರೆಯುವವರು. ಬದಲಿಯವನ ಪಾಡು ಏನೆಂದು ಬಲ್ಲೆವು. ಖಾಯಂ ಆಳಿನಷ್ಟೇ ಕೆಲಸ ಮಾಡಿದರೆ ಅವನ ಹೆಸರು ಯಾರಿಗೂ ನೆನಪಿರುವುದಿಲ್ಲ. ಅದಕ್ಕಿಂತ ಹೆಚ್ಚು ಮಾಡಿ ತೋರಿಸಬೇಕು.

ಕುಂಬ್ಳೆಯವರಿಗೆ ಆಗ 24 ವರ್ಷ. ಬೆಂಗಳೂರಿನವರು, ಹೆಸರು ಮಾತ್ರ ಕಾಸರಗೋಡಿನ ಬಳಿಯ ಕುಂಬಳೆಯಿಂದ ಬಂದದ್ದು. ಅವರು ಹೋಗಿ ಸೇರಿದ ನಾರ್ತ್‌ಹ್ಯಾಂಪ್ಟನ್ ಬೂಟು, ಜೋಡು ತಯಾರಿಕೆಗೆ ಹೆಸರಾದ ಊರು. ಆಂಬ್ರೋಸ್ ಆರೂವರೆ ಅಡಿಗೂ ಮೀರಿದ ಎತ್ತರದ ವೇಗದ ಬೌಲರ್. ಅವರ ಜಾಗಕ್ಕೆ ಲೆಗ್‌ಸ್ಪಿನ್ ಹಾಕುವವನು ಬಂದರೆ ಜನ ಹುಬ್ಬೇರಿಸುವುದು ಸಹಜ. ಆದರೆ ಕುಂಬ್ಳೆಯವರ ಲೆಗ್‌ಸ್ಪಿನ್ ಪುಸ್ತಕದಲ್ಲಿ ಬರೆದಂಥದಲ್ಲ. ಚೆಂಡು ಹೆಚ್ಚು ತಿರುಗುವುದಿಲ್ಲ. ಬೇಗ ಬರುತ್ತದೆ, ಎತ್ತರದಿಂದ ಬಿದ್ದು ಪುಟಿಯುತ್ತದೆ. ನೆಲ ನಿಧಾನವಾಗಿದ್ದರೆ ಸಾಧಾರಣ ಸ್ಪಿನ್ನರನನ್ನು ದಾಂಡಿಗನು ಹಿಂದೆ ಸರಿದು ಕಾದು ಹೊಡೆಯಬಹುದು. ಇವರಿಗೆ ಹಾಗೆ ಕಾಯುತ್ತ ನಿಂತರೆ ಚೆಂಡು ಕಾಲಿಗೆ ಬಡಿದು ಎಲ್.ಬಿ. ಆದೀತು. ಅದೃಷ್ಟವೂ ಒದಗಿತು: ಆ ವರ್ಷದ ಬೇಸಿಗೆ ಇಂಗ್ಲೆಂಡಿಗೆ ಅಪರೂಪವಾದಷ್ಟು ಬಿಸಿ ಮತ್ತು ಒಣ. ಋತು ಮುಗಿಯುವ ಹೊತ್ತಿಗೆ ಕುಂಬ್ಳೆಯವರು 105 ವಿಕೆಟ್ಟುಗಳನ್ನು, ಒಂದಕ್ಕೆ 20.40 ರನ್ನುಗಳ ಸರಾಸರಿಯಲ್ಲಿ, ಪಡೆದಿದ್ದರು. ಆ ವರ್ಷ ಇಂಗ್ಲೆಂಡಿನಲ್ಲಿ ಅತ್ಯಂತ ಹೆಚ್ಚು ವಿಕೆಟ್ ಅವರದೇ.

ಆ ಋತುವಿನ ಒಂದು ಪಂದ್ಯವನ್ನು ಹೇಳದೆ ಮುಂದೆ ಹೋಗಲಾರೆವು. ನಾಟಿಂಗ್‌ಹ್ಯಾಂಷೈರಿನವರು ಮೊದಲು ಆಡಿ 527 ರನ್ ಮಾಡಿದರು. ಸೋಲಿನ ಭಯ ಇನ್ನಿಲ್ಲವೆಂದು ಯಾರಾದರೂ ನಿದ್ದೆ ಹೋಗುವಂಥ ಮೊತ್ತ. ನಾರ್ತ್‌ಹ್ಯಾಂಪ್ಟನ್‌ಷೈರಿನವರು 7 ವಿಕೆಟ್ಟಿಗೆ 781 ಬಾರಿಸಿ ಡಿಕ್ಲೇರ್ ಮಾಡಿ, ಬಳಿಕ ಎದುರಾಳಿಗಳನ್ನು ಉರುಳಿಸಿ ಇನ್ನಿಂಗ್ಸ್ ಗೆಲುವನ್ನೇ ಪಡೆದರು! ಆ ವರ್ಷ ಚಾಂಪಿಯನ್‌ಷಿಪ್ಪಿನಲ್ಲಿ ಅವರಿಗೆ ಮೂರನೆಯ ಸ್ಥಾನ. ವಿಸ್ಡನ್ ಎಂಬ ಪ್ರಸಿದ್ಧ ವಾರ್ಷಿಕ ಗ್ರಂಥವು 1996ರ ಸಂಚಿಕೆಯಲ್ಲಿ ಹೆಸರಿಸಿದ ವರ್ಷದ ಐವರು ಆಟಗಾರರಲ್ಲಿ ಕುಂಬ್ಳೆಯವರೂ ಒಬ್ಬರು. ಆದರೂ ಬದಲಿ ಬದಲಿಯೇ. ಮುಂದಿನ ವರ್ಷ ಆಂಬ್ರೋಸ್ ತಮ್ಮ ಜಾಗಕ್ಕೆ ಮರಳಿದರು. ಕುಂಬ್ಳೆಯವರು ಭಾರತ ತಂಡದೊಡನೆ ಪ್ರವಾಸ ಹೋದರು. ಆ 1996ರ ಟೆಸ್ಟುಗಳಲ್ಲಿ ಹಿಂದಿನ ವರ್ಷದ ಫಸಲು ಕೈಗೆ ಬರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಶ್ರೀನಾಥರು ಮೈಸೂರಿನವರು. ಬ್ರಿಸ್ಟಲ್ ಊರಿನಲ್ಲಿ ನೆಲೆಸಿದ ಗ್ಲಾಸ್ಟರ್‌ಷೈರಿಗೆ ಆಡಿ 87 ವಿಕೆಟ್ ಪಡೆದರು. ವೇಲ್ಸಿನ ಅಬರ್‌ಗವೆನ್ನಿಯಲ್ಲಿ ಗ್ಲಾಮೋರ್ಗನ್ ವಿರುದ್ಧ ಒಂದೇ ಇನ್ನಿಂಗ್ಸಿನಲ್ಲಿ 76 ರನ್ನಿಗೆ 9 ವಿಕೆಟ್ ಪಡೆದದ್ದು ಅವರ ಜೀವಮಾನದ ಅತ್ಯುತ್ತಮ. ವೇಗದ ಬೌಲರನಿಗೆ ಇಂಗ್ಲೆಂಡು ಸ್ವರ್ಗವೆಂದು ಹೇಳುವವರುಂಟು. ನಮ್ಮಲ್ಲಿ ನಾಲ್ಕು ಓವರ್ ಹಾಕಿ ಸ್ಪಿನ್ನರನಿಗೆ ಚೆಂಡು ಕೊಡುವ ಪದ್ಧತಿಯಿತ್ತು. ಅಲ್ಲಿ ದಿನವಿಡೀ ಹಾಕಬೇಕು, ಮರುದಿನವೂ ಹಾಕಬೇಕು. ಸ್ವರ್ಗವಾದರೂ ಹೆಗಲಿಗೆ ಬಿಡುವಿಲ್ಲದ ಸ್ವರ್ಗ.

ದಾಂಡಿಗನ ಕಷ್ಟ ಬೇರೆ ರೀತಿಯದು. 2000ದಲ್ಲಿ ರಾಹುಲ್ ದ್ರಾವಿಡರು ಕೆಂಟ್ ಕೌಂಟಿಗೆ ಹೋದರು. ಕೆಂಟಿನ ಮೈದಾನ ಕ್ಯಾಂಟರ್ಬರಿಯಲ್ಲಿದೆ. ಆಗ ಅಲ್ಲಿ ಬೌಂಡರಿಯ ಒಳಗೇ ಒಂದು ಹಳೆಯ ಲಿಂಡನ್ ಮರವಿತ್ತು. ಚೆಂಡು ಮರಕ್ಕೆ ತಗುಲಿದರೆ ನಾಲ್ಕು ರನ್. (2005ರ ಜನವರಿಯಲ್ಲಿ ಗಾಳಿಗೆ ಅದು ಮುರಿದುಬಿತ್ತು.) ಬೆಂಗಳೂರಿನ ಹುಡುಗರು ಶಾಲೆಯಲ್ಲಿ ಮ್ಯಾಟಿಂಗ್ ಮೇಲೆ ಆಡಿ ಕಲಿಯುತ್ತಿದ್ದರು. ಅಲ್ಲಿ ಚೆಂಡು ಪುಟಿಯುತ್ತದೆ, ಆದರೆ ಮೋಸ ಮಾಡುವುದಿಲ್ಲ. ಮುಂಚೆಯೇ ದಾಂಡನ್ನು ಬೀಸಬಹುದು. ಇಂಗ್ಲೆಂಡಿನಲ್ಲಿ ಹಾಗೆ ಬೀಸಿದರೆ ಓಲಾಡುವ ಚೆಂಡು ಅಂಚಿಗೆ ತಗುಲಿ ಸ್ಲಿಪ್ಪಿಗೆ ಹೋಗುತ್ತದೆ. ಚೆಂಡು ಕಣ್ಣಿನ ಕೆಳಗೆ ಬರುವ ತನಕ ಕಾಯಬೇಕು, ಕೈ ಸಡಿಲ ಬಿಡಬೇಕು, ಆಡಬಾರದ ಚೆಂಡನ್ನು ಸುಮ್ಮನೆ ಹೋಗಲು ಬಿಡಬೇಕು. ಬಿಡುವುದೂ ಒಂದು ವಿದ್ಯೆ! ದ್ರಾವಿಡರಿಗೆ ಅದರ ಹದ ಮೊದಲೇ ಇತ್ತು. 1996ರಲ್ಲಿ ಲಾರ್ಡ್ಸಿನಲ್ಲಿ ತಮ್ಮ ಮೊದಲ ಟೆಸ್ಟಿನಲ್ಲೇ 95 ರನ್ ಮಾಡಿದ್ದವರು ಅವರು. ಕೆಂಟಿನಲ್ಲಿ ದಿನದಿನವೂ ಅದೇ ಅಭ್ಯಾಸ. ಆ ಋತುವಿನಲ್ಲಿ 55.50ರ ಸರಾಸರಿಯಲ್ಲಿ 1,221 ರನ್. ಪೋರ್ಟ್ಸ್‌ಮತ್ತಿನಲ್ಲಿ ಹ್ಯಾಂಪ್‌ಷೈರಿನ ಪರ ಆಡುತ್ತಿದ್ದ ಶೇನ್ ವಾರ್ನ್ ಅವರ ಎದುರು 137.

ಇದರ ಫಲ ಕಂಡದ್ದು ಎರಡು ವರ್ಷದ ಮೇಲೆ. 2002ರ ಆಗಸ್ಟಿನಲ್ಲಿ ಲೀಡ್ಸಿನ ಹೆಡಿಂಗ್ಲಿಯಲ್ಲಿ ಮೋಡ ಕವಿದ ಬೆಳಗ್ಗೆ ಭಾರತದವರು ಟಾಸ್ ಗೆದ್ದು ತಾವೇ ಮೊದಲು ಆಡಲು ನಿಂತರು. ಅದೂ ಇಬ್ಬರು ಸ್ಪಿನ್ನರುಗಳನ್ನು ಇಟ್ಟುಕೊಂಡು. ಸೆಹ್ವಾಗ್ ಬೇಗನೆ ಔಟಾದರು. ದ್ರಾವಿಡರೂ ಸಂಜಯ್ ಬಾಂಗರ್ ಅವರೂ ಆ ಕಷ್ಟದ ಹೊತ್ತಿನಲ್ಲಿ ಮೈಮೇಲೆ ಪೆಟ್ಟು ತಿಂದು 170 ರನ್ ಸೇರಿಸಿದರು. ದ್ರಾವಿಡರದು 148. ಕುಂಬ್ಳೆಯವರು ಆ ಪಂದ್ಯದಲ್ಲಿ 7 ವಿಕೆಟ್ ಪಡೆದರು. ಭಾರತಕ್ಕೆ ಇನ್ನಿಂಗ್ಸ್ ಮತ್ತು 46 ರನ್ನುಗಳ ಗೆಲುವು. ಆ ಸರಣಿಯಲ್ಲಿ ದ್ರಾವಿಡರು ಸಾಲಾಗಿ ಹೊಡೆದ ಮೂರು ಶತಕಗಳು 115, 148, 217. ಮರುವರ್ಷ ಸ್ಕಾಟ್ಲೆಂಡ್ ತಂಡಕ್ಕೆ ಆಡಲು ಹೋಗಿ ಒಂದು ದಿನದ ಪಂದ್ಯಗಳಲ್ಲಿ 600 ರನ್ ಮಾಡಿದರು.

ಕೊನೆಯದಾಗಿ ಕರುಣ್ ನಾಯರ್. ಇವರ ಕಥೆ ಶುರುವಾಗುವುದೇ ನಮ್ಮ ಚೆಪಾಕಿನಲ್ಲಿ. 2016ರ ಡಿಸೆಂಬರಿನಲ್ಲಿ, ತಮ್ಮ ಮೂರನೆಯ ಟೆಸ್ಟಿನಲ್ಲೇ, ಇಂಗ್ಲೆಂಡಿನ ವಿರುದ್ಧ ಔಟಾಗದೆ 303. ಭಾರತದ ಪರ ತ್ರಿಶತಕ ಹೊಡೆದ ಎರಡನೆಯವರು ಇವರು. ಆದರೆ 2017ರಲ್ಲಿ ಇನ್ನು ಮೂರು ಟೆಸ್ಟ್ ಆಡುವಷ್ಟರಲ್ಲಿ ಸ್ಥಾನ ಹೋಯಿತು. ಮುಂದೆ ಕರ್ನಾಟಕ ತಂಡದಲ್ಲೂ ಜಾಗ ತಪ್ಪಿತು. 2022ರ ಡಿಸೆಂಬರಿನಲ್ಲಿ ತನಗೆ ಇನ್ನೊಂದು ಅವಕಾಶ ಕೊಡೆಂದು ಕ್ರಿಕೆಟ್ಟನ್ನೇ ಬೇಡಿ ಅವರು ಬರೆದ ಒಂದು ಸಾಲನ್ನು ಓದಿ ಎಷ್ಟೋ ಮಂದಿ ಮರುಗಿದರು. 2023ರಲ್ಲಿ ಊರು ಬಿಟ್ಟು ವಿದರ್ಭಕ್ಕೆ ಹೋದರು. ಅದೇ ಸೆಪ್ಟೆಂಬರಿನಲ್ಲಿ, ಹಿಂದೆ ಕುಂಬ್ಳೆಯವರು ಆಡಿದ್ದ ನಾರ್ತ್‌ಹ್ಯಾಂಪ್ಟನ್‌ಷೈರಿನವರೇ ಕರೆದು, ಋತುವಿನ ಕೊನೆಯ ಮೂರು ಪಂದ್ಯಗಳ ಮಟ್ಟಿಗೆ ಕೆಲಸ ಕೊಟ್ಟರು. ಮೂರೇ ಪಂದ್ಯ! ಅದರಲ್ಲಿ ಸರ್ರಿ ತಂಡದ ಎದುರು ಓವಲ್ಲಿನಲ್ಲಿ 150. 2024ರಲ್ಲಿ ಮತ್ತೆ ಕರೆಸಿಕೊಂಡರು. ಏಪ್ರಿಲಿನ ಚಳಿಯಲ್ಲಿ ಗ್ಲಾಮೋರ್ಗನ್ ವಿರುದ್ಧ ಔಟಾಗದೆ 202. ಊರಿಗೆ ಮರಳಿ 2024–25ರ ರಣಜಿ ಋತುವಿನಲ್ಲಿ 863 ರನ್ ಮಾಡಿದರು, ಫೈನಲ್ಲಿನಲ್ಲಿ 86 ಮತ್ತು 135, ಟ್ರೋಫಿ ವಿದರ್ಭಕ್ಕೆ. 2025ರಲ್ಲಿ, ಎಂಟು ವರ್ಷದ ಬಳಿಕ, ಟೆಸ್ಟ್ ತಂಡಕ್ಕೆ ಕರೆ ಬಂತು. ಅದೂ ಇಂಗ್ಲೆಂಡಿಗೇ.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ನಡೆದದ್ದು ಬೇರೆ. ಹೆಡಿಂಗ್ಲಿಯಲ್ಲಿ ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ. ನಾಲ್ಕು ಟೆಸ್ಟುಗಳಲ್ಲಿ ಒಟ್ಟು 205 ರನ್, ಓವಲ್ಲಿನಲ್ಲಿ ಮಾಡಿದ 57 ಒಂದೇ ಅರ್ಧಶತಕ. ಹೆಚ್ಚಿನ ಇನ್ನಿಂಗ್ಸುಗಳಲ್ಲಿ ಚೆನ್ನಾಗಿ ಆರಂಭಿಸಿ ಮೂವತ್ತು ನಲವತ್ತರೊಳಗೆ ಔಟಾದರು. ಮುಂದಿನ ಸರಣಿಗೆ ಹೆಸರು ಬರಲಿಲ್ಲ. 2025–26ರ ಋತುವಿಗೆ ಅವರು ಕರ್ನಾಟಕ ತಂಡಕ್ಕೇ ಮರಳಿದರು. ಕೌಂಟಿಯಲ್ಲಿ ಕಲಿತದ್ದು ಟೆಸ್ಟಿನಲ್ಲಿ ಯಾಕೆ ಸಾಲಲಿಲ್ಲವೆಂದು ನಮ್ಮಲ್ಲಿ ಚರ್ಚೆ ಬಹಳ ನಡೆದಿದೆ. ಕೌಂಟಿಯಲ್ಲಿ ಒಂದು ಪಂದ್ಯ ಕೆಟ್ಟರೆ ಮುಂದಿನ ವಾರ ಇನ್ನೊಂದು ಇರುತ್ತದೆ, ಟೆಸ್ಟಿನಲ್ಲಿ ಇರುವುದಿಲ್ಲ ಎಂಬುದು ನಮಗೆ ಒಪ್ಪಿಗೆಯಾದ ಕಾರಣ.

ಈಗ ಹೋಗುವವರ ಸಂಖ್ಯೆ ಹೆಚ್ಚಾಗಿದೆ. ಈ ಊರಿನ ಅಶ್ವಿನ್ ಅವರು ವೂಸ್ಟರ್‌ಷೈರ್, ನಾಟಿಂಗ್‌ಹ್ಯಾಂಷೈರ್, ಸರ್ರಿ ಮೂರಕ್ಕೂ ಆಡಿದರು. ಸಾಯಿ ಸುದರ್ಶನ್ ಅವರು 2023 ಮತ್ತು 2024ರಲ್ಲಿ ಸರ್ರಿಗೆ ಆಡಿದರು. ಕೌಂಟಿ ಪಂದ್ಯಗಳ ಸ್ಕೋರು ಏಪ್ರಿಲಿನಿಂದ ಇಂಗ್ಲಿಷ್ ಪತ್ರಿಕೆಗಳ ಆಟದ ಪುಟದ ಕೆಳಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರುತ್ತದೆ. ಮೊದಲು ಓದಿದವರು ದಯವಿಟ್ಟು ಆ ಮೂಲೆಯನ್ನು ಕತ್ತರಿಸಿಕೊಂಡು ಹೋಗಬಾರದು. ರಾತ್ರಿ ಪಾಳಿ ಮುಗಿಸಿ ಬರುವ ಸದಸ್ಯರೂ ನೋಡಲು ಕಾದಿರುತ್ತಾರೆ.