ಕಾಡುದಾರಿಯ ಟ್ರಕ್ಕಿಗೆ ಎಂಥ ಆಕ್ಸಲ್?

ಮಂಡಿಯ ಮುಂದೆಯೋ ಪೆಟ್ರೋಲ್ ಬಂಕಿನ ಬಳಿಯೋ ನಿಂತಿರುವ ಲಾರಿಯೊಂದರ ಹಿಂಬದಿ ಚಕ್ರವನ್ನು ಒಮ್ಮೆ ಹತ್ತಿರದಿಂದ ನೋಡಿ. ನಡುವೆ ಹಬ್ ಕಾಣುತ್ತದೆ. ಅದರ ತುದಿಯಲ್ಲಿ ಒಂದು ತಟ್ಟೆ, ತಟ್ಟೆಯ ಸುತ್ತ ಬೋಲ್ಟುಗಳ ಸಾಲು. ಈ ಬೋಲ್ಟುಗಳನ್ನು ಬಿಚ್ಚಿ ತಟ್ಟೆಯನ್ನು ಎಳೆದರೆ ಅದರೊಂದಿಗೆ ಉದ್ದನೆಯ ಉಕ್ಕಿನ ಶಾಫ್ಟ್ ಹೊರಬರುತ್ತದೆ. ಸ್ವಾರಸ್ಯವೆಂದರೆ, ಶಾಫ್ಟನ್ನು ಪೂರ್ತಿ ಹೊರಗೆ ತೆಗೆದಿಟ್ಟರೂ ಲಾರಿ ಕುಸಿಯುವುದಿಲ್ಲ. ಚಕ್ರ ನಿಂತಲ್ಲೇ ನಿಂತಿರುತ್ತದೆ. ಹಾಗಾದರೆ ಲಾರಿಯ ಭಾರವನ್ನು ಹೊತ್ತವರು ಯಾರು?

ಎತ್ತಿನ ಗಾಡಿಯ ಇರುಸು ತಿರುಗುವುದಿಲ್ಲ, ಭಾರವನ್ನು ಮಾತ್ರ ಹೊರುತ್ತದೆ. ಮೋಟಾರು ವಾಹನದ ಎಂಜಿನ್ ನಡೆಸುವ ಆಕ್ಸಲಿಗೆ ಎರಡು ಕೆಲಸ: ಭಾರ ಹೊರುವುದು, ಚಕ್ರ ತಿರುಗಿಸುವುದು. ಲಾರಿಗಳಲ್ಲಿ ಈ ಎರಡನ್ನೂ ಬೇರೆ ಬೇರೆ ಭಾಗಗಳಿಗೆ ಹಂಚಿದ್ದಾರೆ. ಹೊರಗಿನ ದಪ್ಪ ಕೊಳವೆ, ಅಂದರೆ ಹೌಸಿಂಗ್, ಭಾರ ಹೊರುತ್ತದೆ; ಒಳಗಿನ ಶಾಫ್ಟ್ ತಿರುಗಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಇದು ಫುಲ್ ಫ್ಲೋಟಿಂಗ್ ಆಕ್ಸಲ್. ಅನೇಕ ಹಗುರ ವಾಹನಗಳಲ್ಲಿರುವ ಸೆಮಿ ಫ್ಲೋಟಿಂಗ್ ಆಕ್ಸಲಿನಲ್ಲಿ ಒಂದೇ ಶಾಫ್ಟ್ ಎರಡನ್ನೂ ಮಾಡಬೇಕು. ಅಲ್ಲಿ ಶಾಫ್ಟ್ ಮುರಿದರೆ ಚಕ್ರವೇ ಕಳಚಿ ಹೋಗುವ ಅಪಾಯವುಂಟು. ಬಂಡೆ, ಹಳ್ಳ, ಕೆಸರುಗಳಲ್ಲಿ ಓಡಾಡುವ ಟ್ರಕ್ಕಿಗೆ ಆಕ್ಸಲ್ ಆರಿಸುವವರು ಮೊದಲು ಫುಲ್ ಫ್ಲೋಟಿಂಗ್ ಕಡೆಗೇ ಕೈಚಾಚುವುದು ಇದೇ ಕಾರಣಕ್ಕೆ.

ಆದರೆ ಎಷ್ಟು ದಪ್ಪದ ಶಾಫ್ಟ್ ಬೇಕು? ಎಂಜಿನ್ನಿನ ಅಶ್ವಶಕ್ತಿ ಇದನ್ನು ತೀರ್ಮಾನಿಸುತ್ತದೆಂದು ನೀವು ಭಾವಿಸಬಹುದು. ನಿಜವಾಗಿ ಲೆಕ್ಕ ಶುರುವಾಗಬೇಕಾದದ್ದು ಟೈರಿನಿಂದ. ಚಕ್ರಕ್ಕೆ ನೆಲದ ಹಿಡಿತ ಎಷ್ಟಿದೆಯೋ ಅಷ್ಟು ತಿರುಚುಬಲವನ್ನು ಮಾತ್ರ ಶಾಫ್ಟ್ ಹೊರಬೇಕಾಗುತ್ತದೆ. ಅದಕ್ಕಿಂತ ಹೆಚ್ಚಾದರೆ ಚಕ್ರ ಜಾರುತ್ತದೆ. ಒಂದು ಚಕ್ರದ ಮೇಲೆ 10,000 ನ್ಯೂಟನ್ ಭಾರವಿದೆ, ಒಣ ಬಂಡೆಯ ಮೇಲೆ ಘರ್ಷಣಾಂಕ 0.8 ಎಂದಿಟ್ಟುಕೊಳ್ಳೋಣ. ಟೈರಿನ ತ್ರಿಜ್ಯ 0.4 ಮೀಟರ್ ಇದ್ದರೆ ತಿರುಚುಬಲ 3,200 ನ್ಯೂಟನ್ ಮೀಟರ್. ಎಂಜಿನ್ ಅದೇ, ಭಾರವೂ ಅದೇ, ಟೈರನ್ನು ಮಾತ್ರ 0.6 ಮೀಟರ್ ತ್ರಿಜ್ಯದ್ದಕ್ಕೆ ಬದಲಿಸಿದಿರಿ ಎನ್ನಿ. ಈಗ ಅದೇ ಶಾಫ್ಟಿನ ಮೇಲೆ 4,800 ನ್ಯೂಟನ್ ಮೀಟರ್ ಬೀಳಬಹುದು. ಚೆಂದಕ್ಕೆಂದು ದೊಡ್ಡ ಟೈರು ಹಾಕಿಸಿಕೊಂಡವರ ಆಕ್ಸಲುಗಳು ಮೊದಲ ಗುಡ್ಡದಲ್ಲೇ ಮುರಿಯುವುದರ ಗುಟ್ಟು ಇಷ್ಟೇ.

ಇಲ್ಲೊಂದು ಸಮಾಧಾನವೂ ಉಂಟು. ತಿರುಚುವಿಕೆಯನ್ನು ತಡೆಯುವ ಶಾಫ್ಟಿನ ಶಕ್ತಿ ಅದರ ವ್ಯಾಸದ ಘನದಂತೆ ಏರುತ್ತದೆ. 30 ಮಿಲಿಮೀಟರ್ ಶಾಫ್ಟನ್ನು 38 ಮಿಲಿಮೀಟರಿಗೆ ಹೆಚ್ಚಿಸಿದರೆ ದಪ್ಪ ಕಾಲುಭಾಗದಷ್ಟು ಹೆಚ್ಚಿತು, ಶಕ್ತಿ ಎರಡು ಪಟ್ಟಾಯಿತು. ಕ್ಯಾಲ್ಕುಲೇಟರ್ ಇದ್ದರೆ ಮಾಡಿ ನೋಡಿ.

ಈ ವಿಷಯದಲ್ಲಿ ಹೆಸರಾದ ಕಥೆಯೊಂದು ಅಮೆರಿಕದ ಮಿಸೌರಿ ರಾಜ್ಯದ್ದು. ಬಾಬ್ ಚಾಂಡ್ಲರ್ ಎಂಬವರು 1974ರ ಮಾದರಿಯ ಫೋರ್ಡ್ ಪಿಕಪ್ ಇಟ್ಟುಕೊಂಡಿದ್ದರು. ಆಕ್ಸಲರೇಟರನ್ನು ಬಲವಾಗಿ ಒತ್ತುವುದು, ಏನಾದರೂ ಮುರಿಯುವುದು, ಅದರ ಜಾಗಕ್ಕೆ ಇನ್ನೂ ಗಟ್ಟಿಯಾದದ್ದನ್ನು ಹಾಕುವುದು, ಇದೇ ಅವರ ಕಸುಬಾಯಿತು. ಆ ಭಾರವಾದ ಕಾಲಿನ ಕಾರಣಕ್ಕೇ ಅವರ ವಾಹನಕ್ಕೆ ‘ಬಿಗ್‌ಫುಟ್’ ಎಂಬ ಹೆಸರು ಬಂದದ್ದು. ಟೈರು ಬೆಳೆದಂತೆ ಆಕ್ಸಲ್ ಬೆಳೆಯಬೇಕಾಯಿತು. ಕೊನೆಗೆ ಸೈನ್ಯದ ಟ್ರಕ್ಕುಗಳ ಆಕ್ಸಲುಗಳೇ ಗತಿಯಾದವು. 1981ರಲ್ಲಿ ಆ ವಾಹನ ಹಳೆಯ ಕಾರುಗಳನ್ನು ತುಳಿದು ದಾಟಿತು, ಅಲ್ಲಿಂದ ಮುಂದೆ ದೈತ್ಯ ಟ್ರಕ್ಕುಗಳ ಆಟವೇ ಹುಟ್ಟಿಕೊಂಡಿತು.

ಸೈನ್ಯದ ಆಕ್ಸಲುಗಳಲ್ಲಿ ಅಂಥ ವಿಶೇಷವೇನು? ಅಮೆರಿಕದ ಸೈನ್ಯ 1950ರ ದಶಕದಿಂದ ಬಳಸಿದ ಎಂ-35 ಎಂಬ ಆರು ಚಕ್ರದ ಟ್ರಕ್ಕನ್ನು ತೆಗೆದುಕೊಳ್ಳಿ. ಅದರದು ‘ಎರಡೂವರೆ ಟನ್’ ದರ್ಜೆ. ರಸ್ತೆಯಿಲ್ಲದ ಕಡೆ ಆ ಟ್ರಕ್ಕು ಹೊರಬೇಕಾದ ಸರಕಿನ ಲೆಕ್ಕ ಅದು, ಆಕ್ಸಲಿನ ತೂಕವಲ್ಲ. ರಾಕ್‌ವೆಲ್ ಹೆಸರಿನಿಂದ ಪ್ರಸಿದ್ಧವಾದ ಈ ಆಕ್ಸಲಿನಲ್ಲಿ ಹಲ್ಲುಚಕ್ರಗಳ ಪೆಟ್ಟಿಗೆ ಹೌಸಿಂಗಿನ ಮೇಲ್ಭಾಗದಲ್ಲಿ ಕುಳಿತಿದೆ. ಆದ್ದರಿಂದ ಪ್ರೊಪೆಲರ್ ಶಾಫ್ಟ್ ಎತ್ತರದಲ್ಲೇ ಬಂದು ಸೇರುತ್ತದೆ, ಬಂಡೆಗೆ ಸುಲಭವಾಗಿ ತಾಗುವುದಿಲ್ಲ. ವೇಗ ತಗ್ಗುವುದೂ ಎರಡು ಹಂತದಲ್ಲಿ. ಒಟ್ಟು ಅನುಪಾತ 6.72. ಅಂದರೆ ಪ್ರೊಪೆಲರ್ ಶಾಫ್ಟ್ 6.72 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ.

ನಮ್ಮ ಲೆಕ್ಕಕ್ಕೆ ಮರಳೋಣ. 4 ಅನುಪಾತದ ಆಕ್ಸಲ್ ಇದ್ದ ವಾಹನಕ್ಕೆ ಒಂದೂವರೆ ಪಟ್ಟು ದೊಡ್ಡ ಟೈರು ಹಾಕಿದರೆ, ಮೊದಲಿನ ಎಳೆತವೇ ಉಳಿಯಲು ಅನುಪಾತ 6 ಆಗಬೇಕು. ಎರಡು ಚಕ್ರಗಳಿಗೆ ಸೇರಿ 9,600 ನ್ಯೂಟನ್ ಮೀಟರ್ ಬೇಕಾದಾಗ, 4ರ ಅನುಪಾತದಲ್ಲಿ ಪ್ರೊಪೆಲರ್ ಶಾಫ್ಟಿನ ಮೇಲೆ 2,400 ಬೀಳುತ್ತದೆ, 6.72ರಲ್ಲಿ ಸುಮಾರು 1,430 ಮಾತ್ರ. ವೇಗವನ್ನು ಚಕ್ರದ ಹತ್ತಿರ ತಗ್ಗಿಸಿದಷ್ಟೂ ಅದರ ಹಿಂದಿನ ಭಾಗಗಳಿಗೆ ವಿಶ್ರಾಂತಿ. ಇದೇ ವಿಚಾರವನ್ನು ಹಬ್‌ವರೆಗೂ ಒಯ್ದದ್ದು ಜರ್ಮನಿಯ ಯೂನಿಮಾಗ್. ಎರಡನೆಯ ಮಹಾಯುದ್ಧದ ಬಳಿಕ ರೈತರಿಗಾಗಿ ರೂಪಿಸಿದ ವಾಹನ ಅದು. ಅದರ ಪೋರ್ಟಲ್ ಆಕ್ಸಲಿನಲ್ಲಿ ಪ್ರತಿ ಚಕ್ರದ ಹಬ್‌ನಲ್ಲೂ ಒಂದು ಜೋಡಿ ಹಲ್ಲುಚಕ್ರವಿದೆ. ಶಾಫ್ಟಿನ ಹೊರೆಯೂ ತಗ್ಗಿತು, ಆಕ್ಸಲ್ ಚಕ್ರದ ನಡುಬಿಂದುವಿಗಿಂತ ಮೇಲಕ್ಕೂ ಏರಿತು. ಒಂದೇ ಕಲ್ಲಿಗೆ ಎರಡು ಹಕ್ಕಿ!

ರಾಕ್‌ವೆಲ್ ಎಂದೆನಲ್ಲ, ಆ ಹೆಸರಿಗೆ ನಮ್ಮ ನಾಡಿನ ನಂಟೂ ಇದೆ. ಮೈಸೂರಿನ ಆಟೋಮೋಟಿವ್ ಆಕ್ಸಲ್ಸ್ ಕಾರ್ಖಾನೆ 1981ರಲ್ಲಿ ಕಲ್ಯಾಣಿ ಸಮೂಹ ಮತ್ತು ರಾಕ್‌ವೆಲ್ ಸಹಯೋಗದಿಂದ ಸ್ಥಾಪನೆಯಾಯಿತು. ರಾಕ್‌ವೆಲ್‌ನ ವಾಹನ ವಿಭಾಗ 1997ರಲ್ಲಿ ಮೆರಿಟಾರ್ ಎಂಬ ಬೇರೆ ಕಂಪನಿಯಾಯಿತು, 2022ರಲ್ಲಿ ಕಮಿನ್ಸ್ ಅದನ್ನು ಕೊಂಡಿತು.

ಇನ್ನು ಮಾರ್ಪಾಡಿನ ಮಾತು. ಲಾರಿಯ ಆಕ್ಸಲ್ ಅಗಲ ಹೆಚ್ಚು. ಹೌಸಿಂಗನ್ನು ಕತ್ತರಿಸಿ ಬೆಸೆದು ಕಿರಿದಾಗಿಸುವುದುಂಟು. ವೆಲ್ಡಿಂಗಿನ ಶಾಖಕ್ಕೆ ಕೊಳವೆ ತುಸು ಬಾಗಿದರೂ ಬೇರಿಂಗ್ ಮತ್ತು ಸೀಲುಗಳು ಬೇಗನೆ ಹಾಳಾಗುತ್ತವೆ, ಆದ್ದರಿಂದ ನೇರ ಹಿಡಿಯುವ ಜಿಗ್ ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು. ಶಾಫ್ಟನ್ನು ಗಿಡ್ಡ ಮಾಡಿ ತುದಿಯಲ್ಲಿ ಹೊಸದಾಗಿ ಸ್ಪ್ಲೈನ್ ಹಲ್ಲು ಕೊರೆಯುವುದು ಇನ್ನೂ ಸೂಕ್ಷ್ಮ. ಕಾಯಿಸಿ ಹದ ಮಾಡಿದ ಉಕ್ಕಿನ ಗಟ್ಟಿತನ ಹೆಚ್ಚಾಗಿ ಹೊರಪದರದಲ್ಲಿರುತ್ತದೆ. ಆ ಪದರ ಕೊರೆದು ಹೋದರೆ ಉಳಿಯುವುದು ಮೆತ್ತನೆಯ ಒಳಭಾಗ. ಮುಂದಿನ ಆಕ್ಸಲಿನಲ್ಲಿ ಮತ್ತೊಂದು ತೊಡಕಿದೆ. ಪ್ರೊಪೆಲರ್ ಶಾಫ್ಟಿಗೆ ಸರಿಹೊಂದಲೆಂದು ಇಡೀ ಹೌಸಿಂಗನ್ನು ಮೇಲ್ಮುಖವಾಗಿ ತಿರುಗಿಸಿ ಕೂರಿಸಿದರೆ, ಸ್ಟೀರಿಂಗಿನ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ವೇಗದಲ್ಲಿ ವಾಹನ ಅತ್ತಿತ್ತ ಎಳೆಯುತ್ತದೆ.

ಆದರೂ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬ್ರೇಕಿನದು, ಹವ್ಯಾಸಿಗಳು ಕೊನೆಗೆ ಯೋಚಿಸುವುದೂ ಅದನ್ನೇ. ಟೈರು ಒಂದೂವರೆ ಪಟ್ಟಾದಾಗ ಅದೇ ಬ್ರೇಕು ನೆಲದ ಮೇಲೆ ತೋರುವ ತಡೆಬಲ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಜೊತೆಗೆ ಒಂದೊಂದೂ ಸುಮಾರು 300 ಕಿಲೋ ತೂಗುವ ಆಕ್ಸಲುಗಳು. ಕೆಲವರು ಚಕ್ರದ ಬ್ರೇಕುಗಳನ್ನು ತೆಗೆದು ಪಿನಿಯನ್ ಮೇಲೆ ಒಂದೇ ಡಿಸ್ಕ್ ಕೂರಿಸುತ್ತಾರೆ. 6.72 ಅನುಪಾತದ ನೆರವಿನಿಂದ ಚಿಕ್ಕ ಡಿಸ್ಕೂ ಬಲವಾಗಿ ಹಿಡಿಯುತ್ತದೆ, ನಿಜ. ಆದರೆ ಆ ಹಿಡಿತ ಚಕ್ರಕ್ಕೆ ತಲುಪುವುದು ಡಿಫರೆನ್ಷಿಯಲ್ ಮೂಲಕ. ಅದನ್ನು ಲಾಕ್ ಮಾಡಿರದಿದ್ದರೆ, ಒಂದು ಬದಿಯ ಶಾಫ್ಟ್ ತುಂಡಾದ ಕ್ಷಣವೇ ಇನ್ನೊಂದು ಬದಿಯ ಬ್ರೇಕೂ ಹೋದಂತೆ. ಬಂಡೆಗಳ ನಡುವೆ ತೆವಳುವ ವಾಹನಕ್ಕೆ ಇದು ಸರಿಹೋದೀತು. ಘಾಟಿ ಇಳಿಯುವ ವಾಹನಕ್ಕೆ ಖಂಡಿತ ಸಲ್ಲದು.

ನಮ್ಮಲ್ಲಿ ಕಾನೂನೂ ಅಡ್ಡ ನಿಲ್ಲುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸವಾಗುವಂತೆ ವಾಹನವನ್ನು ಮಾಲೀಕರು ಬದಲಿಸುವಂತಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಓಡುವ ವಾಹನದ ಮೇಲೆ ಇಂಥ ಪ್ರಯೋಗ ಬೇಡ.

ಕಾಲೇಜಿನ ವರ್ಕ್‌ಶಾಪಿಗೆ ಹಳೆಯ ಆಕ್ಸಲ್ ಬಂದರೆ ಬಿಡಬೇಡಿ. ಅದನ್ನು ಭದ್ರವಾದ ಸ್ಟ್ಯಾಂಡಿನ ಮೇಲೆ ಕೂರಿಸಿ, ನಿಮ್ಮ ಬೋಧಕರ ಎದುರಿನಲ್ಲೇ ಬಿಚ್ಚಿ. ಮೊದಲು ಎಣ್ಣೆ ಬಸಿದು ಬಿಳಿ ಬಟ್ಟೆಯಲ್ಲಿ ಸೋಸಿ. ಬಟ್ಟೆಯ ಮೇಲೆ ನಯವಾದ ಬೂದಿಯಂಥ ಪುಡಿ ಉಳಿದರೆ ಅದು ಸಹಜ ಸವೆತ. ಹೊಳೆಯುವ ಚೂರುಗಳು ಸಿಕ್ಕರೆ ಒಳಗೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ. ಪಿನಿಯನ್ನನ್ನು ಕೈಯಿಂದ ಹಿಂದೆಮುಂದೆ ಅಲುಗಿಸಿ ಸಡಿಲವಿದೆಯೇ ನೋಡಿ. ಸ್ಪ್ರಿಂಗ್ ಕೂರುವ ಜಾಗದಲ್ಲಿ ತುಕ್ಕು ಕೆರೆದು ಬಿರುಕು ಹುಡುಕಿ. ಆಮೇಲೆ ಶಾಫ್ಟನ್ನು ಹೊರಗೆಳೆದು ಸ್ಪ್ಲೈನ್ ಹಲ್ಲುಗಳ ಸಾಲನ್ನು ಗಮನಿಸಿ: ಅವು ನೇರವಾಗಿರದೆ ಹಗ್ಗದ ಹುರಿಯಂತೆ ತಿರುಚಿಕೊಂಡಿದ್ದರೆ, ಆ ಶಾಫ್ಟ್ ತನ್ನ ಮಿತಿಯನ್ನು ಒಮ್ಮೆ ದಾಟಿ ಬಂದಿದೆ ಎಂದರ್ಥ.